ಬಕೆಟಿನಲ್ಲಿದ್ದ ಹೆಬ್ಬಾವಿನ ಮರಿ

ಜೂನ್ ತಿಂಗಳ ಮೊದಲ ಮಳೆಯ ವಾರ. ಪ್ರಥಮ ಪಿಯುಸಿಯ ವಿದ್ಯಾರ್ಥಿಯೊಬ್ಬ ತರಗತಿ ಮುಗಿದ ಮೇಲೆ ಮೆಲ್ಲಗೆ ಬಂದು ಕೇಳಿದ: “ಮೇಡಂ, ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ಕಿದೆ. ಬಕೆಟಿನಲ್ಲಿ ಇಟ್ಟಿದ್ದೇನೆ. ಸಾಕಬಹುದಾ?”

“ಕೈಯಲ್ಲಿ ಹಿಡಿದೆಯಾ?” ಎಂದೆ. ಹೌದೆಂದ. ನನ್ನ ಎದೆ ಝಲ್ಲೆಂದಿತು. ಹೆಬ್ಬಾವಿನ ಮರಿ ಎಂದುಕೊಂಡು ಕೊಳಕುಮಂಡಲವನ್ನು ಮುಟ್ಟಿದವರಿದ್ದಾರೆ. ಎರಡಕ್ಕೂ ಕಂದು ಮೈ, ಕಪ್ಪು ಅಂಚಿನ ಮಚ್ಚೆ. ಕೊಳಕುಮಂಡಲದ ಮಚ್ಚೆಗಳು ಸರಪಳಿಯಂತೆ ಸಾಲಾಗಿರುತ್ತವೆ, ಹೆಬ್ಬಾವಿನವು ಅಂಕುಡೊಂಕು. ಆದರೆ ಹೆದರಿದ ಹಾವಿನ ಮುಂದೆ ನಿಂತು ಮಚ್ಚೆ ಪರೀಕ್ಷಿಸುವುದು ನಮ್ಮ ಕೆಲಸವಲ್ಲ. ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಪುಣ್ಯಕ್ಕೆ ಅದು ಹೆಬ್ಬಾವೇ ಆಗಿತ್ತು.

ಅವರು ಬರುವವರೆಗೆ ಅವನಿಗೆ ಹೇಳಿದ ಪಾಠವನ್ನು, ಅವನ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ.

ಕಾಡಿನಲ್ಲಿ: ನಮ್ಮ ಹೆಬ್ಬಾವಿನ ವೈಜ್ಞಾನಿಕ ಹೆಸರು ಪೈಥಾನ್ ಮೊಲುರಸ್. ಭಾರತದಲ್ಲಿ ಇದಲ್ಲದೆ ಈಶಾನ್ಯದಲ್ಲಿ ಬರ್ಮೀಸ್ ಹೆಬ್ಬಾವು, ನಿಕೋಬಾರ್ ದ್ವೀಪಗಳಲ್ಲಿ ಜಾಲರಿ ಹೆಬ್ಬಾವು ಇವೆ. ಇವುಗಳಿಗೆ ವಿಷವಿಲ್ಲ. ತುಟಿಯ ಅಂಚಿನ ಕುಳಿಗಳಿಂದ ಬಿಸಿರಕ್ತದ ಪ್ರಾಣಿಯ ಶಾಖವನ್ನು ಗ್ರಹಿಸಿ, ಕತ್ತಲಲ್ಲೂ ಬೇಟೆಯಾಡುತ್ತವೆ. ಗುದದ್ವಾರದ ಪಕ್ಕದಲ್ಲಿ ಎರಡು ಸಣ್ಣ ಮುಳ್ಳುಗಳಿವೆ. ಅವು ಪೂರ್ವಜರ ಹಿಂಗಾಲುಗಳ ಉಳಿಕೆ. ವಿಕಾಸದ ಅಧ್ಯಾಯದಲ್ಲಿ ಅವಶೇಷಾಂಗ ಎಂದು ಓದುತ್ತೀರಲ್ಲ, ಇದೇ ಅದು.

ಹಾವು ಶೀತರಕ್ತದ ಪ್ರಾಣಿ. ಆದರೂ ತಾಯಿ ಹೆಬ್ಬಾವು ಸುಮಾರು ಎರಡು ತಿಂಗಳು ಮೊಟ್ಟೆಗಳನ್ನು ಸುತ್ತಿಕೊಂಡು ಕೂರುತ್ತದೆ. ಚಳಿಯಾದರೆ ಸ್ನಾಯುಗಳನ್ನು ನಡುಗಿಸಿ ಶಾಖ ಉಂಟುಮಾಡುತ್ತದೆ. ಮೊಟ್ಟೆ ಒಡೆದ ಮೇಲೆ ಮರಿಗಳದ್ದು ಅವುಗಳದೇ ದಾರಿ. ಇಲಿ, ಹೆಗ್ಗಣ ಹಿಡಿಯುವುದರಿಂದ ರೈತನಿಗೂ ಉಪಕಾರವೇ.

ಸೆರೆಯಲ್ಲಿ: ಮೊಬೈಲಿನಲ್ಲಿ ಜನ ಕೊರಳಿಗೆ ಸುತ್ತಿಕೊಳ್ಳುವ ಹಾವು ಹೆಚ್ಚಾಗಿ ಆಫ್ರಿಕಾದ ಬಾಲ್ ಪೈಥಾನ್. ಹೆದರಿದಾಗ ಚೆಂಡಿನಂತೆ ಸುರುಳಿಯಾಗುವುದರಿಂದ ಆ ಹೆಸರು. ನಮಗೆ ಸಾಧುವಾಗಿ ಕಾಣುವುದು ಎಷ್ಟೋ ಸಲ ಅದರ ಭಯ. ಸಾಕಿದರೆ ಅದು 20-30 ವರ್ಷ ಬದುಕಬಹುದು. ಚರ್ಮದ ಅಂದಕ್ಕಾಗಿ ಬೆಳೆಸಿದ ‘ಸ್ಪೈಡರ್’ ಎಂಬ ತಳಿಯಲ್ಲಿ ತಲೆ ಅಲುಗಾಡುವ ನರದೋಷ ಆನುವಂಶಿಕವಾಗಿ ಬರುತ್ತದೆ.

ಸಾಕಿ ಬೇಸರವಾದರೆ? ಅಮೆರಿಕದ ಫ್ಲೋರಿಡಾದಲ್ಲಿ ಜನ ಬಿಟ್ಟ, ತಪ್ಪಿಸಿಕೊಂಡ ಬರ್ಮೀಸ್ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ವಂಶ ಬೆಳೆಸಿದವು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವು ಬಹುಕಾಲದಿಂದ ನೆಲೆಸಿದ್ದ ಭಾಗದಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ. 99ರಷ್ಟು ಕಡಿಮೆಯಾಗಿತ್ತು. ತಪ್ಪು ಹಾವಿನದಲ್ಲ, ತಂದು ಬಿಟ್ಟವರದು.

ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ನಮ್ಮ ಹೆಬ್ಬಾವು ಇದೆ. ಹಿಡಿದಿಟ್ಟುಕೊಳ್ಳುವುದೂ ಕೊಲ್ಲುವುದೂ ಅಪರಾಧ, ಜೈಲು ಶಿಕ್ಷೆಯಾಗಬಹುದು. ಕೋಳಿಗೂಡಿಗೆ ಹೆಬ್ಬಾವು ನುಗ್ಗಿದರೆ ಕೋಲು ಹುಡುಕಬೇಡಿ. ಮಕ್ಕಳನ್ನು ದೂರ ಕಳಿಸಿ, ದೂರದಿಂದಲೇ ಕಣ್ಣಿಟ್ಟು, ಇಲಾಖೆಗೆ ತಿಳಿಸಿ.

ಸಿಬ್ಬಂದಿ ಮರಿಯನ್ನು ಚೀಲಕ್ಕೆ ಹಾಕಿಕೊಂಡಾಗ ಹುಡುಗನ ಮುಖ ಬಾಡಿತು. “ಮೇಡಂ, ನಾನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ” ಎಂದ. ಅವನ ಮಾತು ಸುಳ್ಳಲ್ಲ. “ನೋಡಿಕೊಳ್ಳುತ್ತಿದ್ದೆ, ನಿಜ. ಆದರೆ ಅದಕ್ಕೆ ಬೇಕಾದದ್ದು ನಿನ್ನ ಬಕೆಟ್ ಅಲ್ಲ, ನಿಮ್ಮ ತೋಟದಾಚೆಯ ಆ ಪೊದೆ” ಎಂದೆ.

ಮರುವಾರ ಅವನೇ ಬಂದು ಹೇಳಿದ: ಆ ಪೊದೆಯನ್ನು ಕಡಿಯಬೇಕೆಂದಿದ್ದ ತಂದೆಯನ್ನು ಒಪ್ಪಿಸಿ, ಹಾಗೆಯೇ ಉಳಿಸಿದ್ದಾನಂತೆ. ಆ ವರ್ಷದ ಆಂತರಿಕ ಅಂಕಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಪಾಠ ಮಾತ್ರ ಅವನಿಗೆ ಸರಿಯಾಗಿ ಅರ್ಥವಾಗಿತ್ತು.