ಬೆಳಿಗ್ಗೆ ಎಲುಬಿನ ಓಪಿಡಿ, ಮಧ್ಯಾಹ್ನ ಲ್ಯಾಬ್

ಎಂಬಿಬಿಎಸ್ ಓದುವವರಿಗೆ ಐಸಿಎಂಆರ್ 1979ರಿಂದ ಎರಡು ತಿಂಗಳ ಸಂಶೋಧನಾ ಯೋಜನೆ ಕೊಡುತ್ತ ಬಂದಿದೆ. ಹಾವೇರಿಯಲ್ಲಿ ನಾನು ಹಿಡಿದ ವಿಷಯ: ಎಲುಬು ಮುರಿದು ಚರ್ಮ ಸೀಳಿದ ಗಾಯಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಇದೇ ಹಾದಿ ಹಿಡಿಯುವ ಜೂನಿಯರ್‌ಗಳಿಗೆ ಇಷ್ಟು ಹೇಳಬಲ್ಲೆ.

1. ನೋವಿಗಿಂತ ಮೊದಲು ಕೆಲಸ ಕೇಳಿ. ಬ್ಯಾಡಗಿ ಕಡೆಯಿಂದ ಮಣಕಾಲು ಹಿಡಿದು ಬಂದವರಿಗೆ "ಏನ್ ಕೆಲಸ ಮಾಡ್ತೀರಿ ಯವ್ವಾ?" ಎಂದರೆ "ಮನ್ಯಾಗ ಇರ್ತೀನ್ರಿ" ಅಂತಾರೆ. "ಮೆಣಸಿನಕಾಯಿ ತುಂಬು ಬಿಡಸ್ತೀರೇನು?" ಎಂದಾಗ ದಿನವಿಡೀ ನೆಲಕ್ಕೆ ಕುಂತ ಲೆಕ್ಕ ಹೊರಬೀಳುತ್ತದೆ. ರಾಣೆಬೆನ್ನೂರಿನವರಾದರೆ ಬೀಜದ ಹೊಲದ ಕ್ರಾಸಿಂಗ್ ಕೆಲಸ ಕೇಳಿ. ಮನೆಯಲ್ಲಿ ಇನ್ಯಾರಿಗಿದೆ ಎಂಬುದನ್ನೂ ಬಿಡಬೇಡಿ. ಸಾಗರದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರ ಸೊಂಟ, ಮಣಕಾಲು ಸವೆಯತೊಡಗಿದಾಗ ಗುಮಾನಿ ಹೋದದ್ದು ಕೀಟನಾಶಕ ಬೆರೆತ ಗದ್ದೆಯ ಏಡಿಗಳ ಮೇಲೆ. ಎಕ್ಸ್‌ರೇ ಜೊತೆ ವಂಶವೃಕ್ಷ ಇಟ್ಟು ನೋಡಿದ ಮೇಲೆ ಅದು ಅನುವಂಶಿಕ ಎಂದಾಯಿತು.

2. ಮೊದಲ ಆಂಟಿಬಯೋಟಿಕ್ ಎಷ್ಟೊತ್ತಿಗೆ ಬಿತ್ತು ಎಂಬುದು ಚೀಟಿಯ ಮೇಲಿರಲಿ. ಹೆದ್ದಾರಿ 48ರಲ್ಲಿ ಬಿದ್ದವರಿಗೆ ಎಷ್ಟೋ ಸಲ ರಾಣೆಬೆನ್ನೂರಿನಲ್ಲೇ ಇಂಜೆಕ್ಷನ್ ಆಗಿರುತ್ತದೆ. ಆಗಲೇಬೇಕು, ಅಂಥ ಗಾಯಕ್ಕೆ ತಡ ಮಾಡುವಂತಿಲ್ಲ. ಆದರೆ ಆಮೇಲೆ ತೆಗೆದ ಮಾದರಿ ಪ್ಲೇಟಿನಲ್ಲಿ ಬೆಳೆಯದೇ ಹೋಗಬಹುದು. ಹೊತ್ತು ಬರೆಯದಿದ್ದರೆ ಖಾಲಿ ಪ್ಲೇಟನ್ನೇ 'ಸೋಂಕಿಲ್ಲ' ಎಂದು ಓದಿಬಿಡುತ್ತಾರೆ.

3. ಗಾಯದ ಮೇಲೆ ಹತ್ತಿಕಡ್ಡಿ ಆಡಿಸಿ ತಂದದ್ದನ್ನು ನಾನು ನಂಬುವುದಿಲ್ಲ; ಚರ್ಮದ ಮೇಲಿನವೂ ಅದರಲ್ಲಿ ಸೇರಿರುತ್ತವೆ. ಥಿಯೇಟರಿನಲ್ಲಿ ಗಾಯ ತೊಳೆಯುವಾಗ ಸರ್ಜನ್ ಒಳಗಿನಿಂದ ಕತ್ತರಿಸಿದ ತುಣುಕು ಬೇಕು. ಅದಕ್ಕೆ ಥಿಯೇಟರ್ ಸಿಸ್ಟರ್ ಜೊತೆ ಚಲೋ ಇರಿ, ಪ್ರೊಫೆಸರ್ ಶಿಫಾರಸಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. 37 ಡಿಗ್ರಿಯಲ್ಲಿ ರಾತ್ರಿ ಕಳೆದ ಪ್ಲೇಟಿನಿಂದ ಒಂದು ಚುಕ್ಕೆ ಎತ್ತಿ ಮೊಲದ ಪ್ಲಾಸ್ಮಾಕ್ಕೆ ಹಾಕಿ, ಮತ್ತೆ 37 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟು ಟ್ಯೂಬ್ ಓರೆ ಮಾಡಿ. ದ್ರವ ಹರಿಯದೆ ಮೊಸರಿನ ಹಾಗೆ ಹೆಪ್ಪುಗಟ್ಟಿ ನಿಂತರೆ ಅದು ಬಹುಮಟ್ಟಿಗೆ ಸ್ಟಫೈಲೊಕಾಕಸ್ ಆರಿಯಸ್. ಹರಿದರೆ ಕೂಡಲೇ ಚೆಲ್ಲಬೇಡಿ, ಮರುದಿನ ಇನ್ನೊಮ್ಮೆ ನೋಡಿ.

4. ನಾಟಿ ಪಟ್ಟಿ ಕಟ್ಟಿಸಿಕೊಂಡು ಬಂದವರನ್ನು ಗದರಬೇಡಿ. ಹಿಂದೆ ಕೂತವರು ಕೇಳಿಸಿಕೊಂಡು ತಮ್ಮದನ್ನು ಮುಚ್ಚಿಡುತ್ತಾರೆ.

5. ಕಲ್ಚರ್ ವರದಿಗೆ ಎರಡು–ಮೂರು ದಿನ ಹಿಡಿಯುತ್ತದೆ. ಬಂದ ಕೂಡಲೇ ವಾರ್ಡಿಗೆ ನೀವೇ ಒಯ್ಯಿರಿ. ಔಷಧ ಬದಲಿಸುವುದು ಅದನ್ನು ನೋಡಿಯೇ. ಮನೆಗೆ ಹೋದವರಿಗೆ ಮುಂದಿನ ತಾರೀಖು ಕೊಡುವಾಗ ಬ್ಯಾಡಗಿಯವರಿಗೆ ಸೋಮವಾರ, ಗುರುವಾರ ಬೇಡ. ಮೆಣಸಿನಕಾಯಿ ಪೇಟೆ ಇರುತ್ತದೆ. ಮಂಗಳವಾರ ಬರೆಯಿರಿ.