ವಸಡಿನ ಊತ

ಹಲ್ಲು ನೋಯುವವನಿಗೆ ಇರುಳೆಲ್ಲ ನಿದ್ರೆಯಿಲ್ಲ. ವಸಡು ಊದಿದವನು ಬಹುಕಾಲ ನಿಶ್ಚಿಂತನಾಗಿರುತ್ತಾನೆ. ನೋವಿಲ್ಲದಿರುವುದೇ ಈ ರೋಗದ ಮೋಸ. ಹೆಬ್ಬಾಳದಿಂದ ಯಲಹಂಕವನ್ನು ದಾಟಿದರೆ ಸಿಗುವ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ದಂತವೈದ್ಯಕೀಯ ಕಾಲೇಜಿನಲ್ಲಿ ವಸಡಿಗೆಂದೇ ಪ್ರತ್ಯೇಕ ವಿಭಾಗವುಂಟು. ಹಲ್ಲಿಗಿಂತ ಹೆಚ್ಚಾಗಿ, ಅದು ಬೇರೂರಿದ ನೆಲದ ಆರೈಕೆಯೇ ಅಲ್ಲಿಯ ಕೆಲಸ.

ಹಲ್ಲಿನ ಬುಡದಲ್ಲಿ ದಿನವೂ ತೆಳುವಾದ ಅಂಟುಪೊರೆಯೊಂದು ಕೂಡುತ್ತದೆ. ಅದು ಕೇವಲ ಅನ್ನದ ಅಗುಳಲ್ಲ, ಸೂಕ್ಷ್ಮಜೀವಿಗಳ ಬೀಡು. ಅವು ಹೊರಸೂಸುವ ವಿಷವನ್ನು ಎದುರಿಸಲು ರಕ್ತವು ವಸಡಿನತ್ತ ನುಗ್ಗುತ್ತದೆ. ವಸಡು ಕೆಂಪೇರಿ ಊದುತ್ತದೆ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿಯೂ ಸಂಗಡಿಗರೂ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ಬಿಟ್ಟರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಗುಣವಾಯಿತು.

ಲೋಕದ ನಡೆ ಇದಕ್ಕೆ ವಿರುದ್ಧ. ರಕ್ತ ಕಂಡೊಡನೆ ಜನ ಬೆದರಿ ಆ ಭಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ. ಪೊರೆ ಅಲ್ಲಿಯೇ ಗಟ್ಟಿಯಾಗಿ ಕಲ್ಲಿನಂತೆ ಕೂರುತ್ತದೆ. ಅದನ್ನು ಬೇವಿನ ಕಡ್ಡಿಯಾಗಲಿ ಬ್ರಷ್ಷಾಗಲಿ ಕೀಳಲಾರದು, ವೈದ್ಯರೇ ತೆಗೆಯಬೇಕು. ಕಲ್ಲು ತೆಗೆಸಿದರೆ ಹಲ್ಲು ಅಲುಗುವುದೆಂಬ ಮಾತು ತಲೆಕೆಳಗಾದುದು. ಕಲ್ಲು ಉಳಿದಲ್ಲಿಯೇ ಒಳಗಿನ ಮೂಳೆ ಕರಗಿ ಹಲ್ಲು ಸಡಿಲವಾಗುತ್ತದೆ.

ಬೇರೆ ಕಾರಣಗಳೂ ಇವೆ. ಗರ್ಭಿಣಿಯರಲ್ಲಿ, ಮಧುಮೇಹಿಗಳಲ್ಲಿ, ಮೂರ್ಛೆರೋಗಕ್ಕೆ ಫೆನಿಟಾಯಿನ್ ಸೇವಿಸುವವರಲ್ಲಿ ವಸಡು ಬೇಗ ಊದಬಹುದು. 'ಸಿ' ಜೀವಸತ್ವದ ಕೊರತೆಯೂ ಒಂದು ಕಾರಣವೇ. ಸೀಬೆ, ನೆಲ್ಲಿ ತಿನ್ನುವವರಿಗೆ ಆ ಭಯವಿಲ್ಲ. ಹೊಗೆಸೊಪ್ಪಿನದು ಬೇರೆಯೇ ಕಪಟ. ಧೂಮಪಾನಿಯ ವಸಡಿನಲ್ಲಿ ರಕ್ತ ಅಷ್ಟಾಗಿ ಒಸರುವುದಿಲ್ಲ. ಹಲ್ಲು ಅಲುಗುವವರೆಗೆ ಅವನಿಗೆ ರೋಗದ ಸುಳಿವೇ ಸಿಗದಿರಬಹುದು.