ಸೂರ್ಯನನ್ನು ನೇತುಹಾಕಲು ಆಗಲಿಲ್ಲ

ನಮ್ಮ ತರಗತಿಯಲ್ಲಿ ತೂಗುಹಾಕಿರುವ ಸೌರವ್ಯೂಹವನ್ನು ನೀವೆಲ್ಲ ನೋಡಿದ್ದೀರಿ. ಅದು ಎರಡನೇ ಸಲ ಮಾಡಿದ್ದು. ಮೊದಲು ಮಾಡಿದ್ದು ಅಷ್ಟು ಚೆನ್ನಾಗಿತ್ತಲ್ಲ, ಯಾಕೆ ಕಿತ್ತು ಹಾಕಿದ್ರಿ ಅಂತ ಬಹಳ ಜನ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾವು ನಾಲ್ಕು ಜನ ಸೇರಿ ಬಲೂನಿನ ಮೇಲೆ ಪೇಪರ್ ಅಂಟಿಸಿ ಸೂರ್ಯನನ್ನು ಮಾಡಿದ್ದೆವು. ಗುರು ಗ್ರಹಕ್ಕೂ ಅಂಥದೇ ಬಲೂನು. ಭೂಮಿಗೆ ನಿಂಬೆಹಣ್ಣಿನಷ್ಟು ಮಣ್ಣಿನ ಉಂಡೆ. ನನ್ನ ತಮ್ಮ ಎರಡನೇ ಕ್ಲಾಸು. ಅವನು ಅದನ್ನು ನೋಡಿಕೊಂಡು ಬಂದು ರಾತ್ರಿ ಊಟಕ್ಕೆ ಕೂತಾಗ, "ಅಜ್ಜಿ, ಸೂರ್ಯನೂ ಗುರೂನೂ ಒಂದೇ ದಪ್ಪ ಕಣಜ್ಜಿ. ಭೂಮಿ ನಿಂಬೆಹಣ್ಣು" ಅಂದ. ಅಜ್ಜಿ, "ಹೌದೇನೋ ಮಗ, ಇಸ್ಕೂಲಲ್ಲಿ ಹೇಳಿದ್ರೆ ಸರಿಯಾಗೇ ಇರ್ತದೆ" ಅಂದರು. ನನಗೆ ತುತ್ತು ಗಂಟಲಿಗೆ ಸಿಕ್ಕಿದ ಹಾಗಾಯಿತು. ಸೂರ್ಯನ ಅಡ್ಡಳತೆ ಭೂಮಿಯ 109 ರಷ್ಟು ಎಂದು ನಾನೇ ಪಾಠದಲ್ಲಿ ಓದಿದ್ದೆ. ಪರೀಕ್ಷೆಯಲ್ಲೂ ಬರೆದಿದ್ದೆ!

ಮಾರನೇ ದಿನ ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. "ಭೂಮೀನ ಒಂದು ಸೆಂಟಿಮೀಟರ್ ಅಂತ ಇಟ್ಕೊಂಡು ಲೆಕ್ಕ ಹಾಕಿ ನೋಡಿ" ಅಂದರು. ಭೂಮಿಯ ಅಡ್ಡಳತೆ ಸಮಭಾಜಕ ವೃತ್ತದ ಬಳಿ 12,756 ಕಿ.ಮೀ. ಪ್ರತಿಯೊಂದು ಗ್ರಹದ ಅಡ್ಡಳತೆಯನ್ನು ಇದರಿಂದ ಭಾಗಿಸಬೇಕು, ಅಷ್ಟೇ. ಬುಧ 4 ಮಿ.ಮೀ.ಗೂ ಕಡಿಮೆ, ಅಂದರೆ ಒಂದು ಸಣ್ಣ ಮೆಣಸಿನ ಕಾಳು. ಮಂಗಳ 5 ಮಿ.ಮೀ., ತೊಗರಿ ಕಾಳಿನಷ್ಟು. ಶುಕ್ರ ಮತ್ತು ಭೂಮಿ ಹೆಚ್ಚು ಕಡಿಮೆ ಅಕ್ಕ ತಂಗಿ, ಎರಡೂ ದಪ್ಪ ಬಟಾಣಿ. ಗುರು 11.2 ಸೆಂ.ಮೀ., ಶನಿ 9.5 ಸೆಂ.ಮೀ. ಯುರೇನಸ್, ನೆಪ್ಚೂನ್ 4 ಸೆಂ.ಮೀ. ಹಾಗಾಗಿ ಹಳೇ ಭೂಮಿಗೆ ನೀಲಿ ಬಣ್ಣ ಬಳಿದು ಅದನ್ನೇ ನೆಪ್ಚೂನ್ ಮಾಡಿಬಿಟ್ಟೆವು.

ಸೂರ್ಯ ಮಾತ್ರ 109 ಸೆಂ.ಮೀ. ಬಂದ. ಅಷ್ಟು ದೊಡ್ಡ ಚೆಂಡು ಮಾಡಿದರೆ ಬಾಗಿಲಲ್ಲೇ ಹಿಡಿಸುವುದಿಲ್ಲ. ಕೊನೆಗೆ ಗೋಡೆಗೆ ಒಂದು ಮೊಳೆ ಹೊಡೆದು, 54 ಸೆಂ.ಮೀ. ದಾರದ ತುದಿಗೆ ಚಾಕ್‌ಪೀಸ್ ಕಟ್ಟಿ ಸುತ್ತು ಎಳೆದು ಹಳದಿ ಬಳಿದೆವು. ಈಗ ಹಿಂದಿನ ಗೋಡೆಯಲ್ಲಿರುವುದೇ ಸೂರ್ಯ. ಅದನ್ನು ಚೆಂದಕ್ಕೆ ಬರೆದದ್ದು ಅಂತ ಕೆಲವರು ತಿಳಿದಿದ್ದಾರೆ.

ಮಾಡಬೇಕು ಅನ್ನುವವರಿಗೆ ಎರಡು ಮಾತು. ಗುರುವಿಗೆ ಬಲೂನು ಊದುವಾಗ ದಾರ ಸುತ್ತಿ ಅಳೆಯಿರಿ, ಸುತ್ತಳತೆ 35 ಸೆಂ.ಮೀ. ಬಂದ ಕೂಡಲೇ ಗಂಟು ಹಾಕಿ. ಶನಿಗೆ 30. ಮೈದಾ ಅಂಟಿನಲ್ಲಿ ಪೇಪರ್ ಚೂರು ಮೂರು ಪದರ ಅಂಟಿಸಬೇಕು. ಪೂರ್ತಿ ಒಣಗುವ ಮುಂಚೆ ಬಲೂನು ಒಡೆಯಬಾರದು. ನಾವು ಅವಸರ ಮಾಡಿ ಒಡೆದು ಒಂದು ಗುರು ಮುದುಡಿ ಹೋಯಿತು. ಶನಿಯ ಬಳೆಗೆ ಸೀರೆ ಬಾಕ್ಸಿನ ರಟ್ಟು ಸಾಕು, ಹೊರಗಡೆ 21 ಸೆಂ.ಮೀ., ಒಳಗೆ 12 ಸೆಂ.ಮೀ. ತೂತು. ಬಳೆ ಶನಿಗೆ ತಾಗಬಾರದು, ಆದ್ದರಿಂದ ಪೊರಕೆ ಕಡ್ಡಿ ಚುಚ್ಚಿ ನಿಲ್ಲಿಸಿದೆವು.

ಆರು ಅಡಿ ಬಿದಿರಿನ ಗಳಕ್ಕೆ ಎಂಟನ್ನೂ ಸಾಲಾಗಿ ಕಟ್ಟಿ ಗಳದ ನಡುವೆ ಒಂದೇ ದಾರದಲ್ಲಿ ನೇತುಹಾಕಿದರೆ ದೊಡ್ಡವರ ಕಡೆ ದಬಕ್ಕನೆ ವಾಲಿತು. ತಕ್ಕಡಿ ಇದ್ದ ಹಾಗೆ. ಭಾರ ಇರುವ ಕಡೆಗೆ ದಾರ ಸರಿಸುತ್ತಾ ಹೋದಾಗ ಗುರು ಶನಿಯ ನಡುವೆ ಬಂದು ಗಳ ಸಮ ನಿಂತಿತು. ನಾವು ಚಪ್ಪಾಳೆ ಹೊಡೆದೆವು. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬಂದು ಇಡೀ ಗಳ ತಿರುಗಿ ನೆಪ್ಚೂನ್ ಸೂರ್ಯನ ಪಕ್ಕ ಹೋಯಿತು! ಆಮೇಲೆ ಎರಡು ತುದಿಗೂ ದಾರ ಕಟ್ಟಿದೆವು.

ಪ್ಲೂಟೋ ಎಲ್ಲಿ ಅಂತ ಕೇಳಬೇಡಿ. ಆಫೀಸಿನ ಹಳೇ ಚಾರ್ಟಿನಲ್ಲಿ ಒಂಬತ್ತು ಇದೆ, ನಿಜ. ಆದರೆ 2006 ರಲ್ಲಿ ವಿಜ್ಞಾನಿಗಳು ಸಭೆ ಸೇರಿ ಅದನ್ನು ಕುಬ್ಜ ಗ್ರಹ ಎಂದು ತೀರ್ಮಾನಿಸಿದರು. ದೇವಸ್ಥಾನದ ನವಗ್ರಹದ ಲೆಕ್ಕ ಬೇರೆ. ಅದರಲ್ಲಿ ಸೂರ್ಯ ಚಂದ್ರರೂ ಸೇರುತ್ತಾರೆ, ಭೂಮಿ ಇಲ್ಲ.

ಇಷ್ಟಾದರೂ ನಮ್ಮ ಮಾದರಿಯಲ್ಲಿ ಒಂದು ಸುಳ್ಳು ಉಳಿದಿದೆ, ದೂರ. ಇದೇ ಅಳತೆಯಲ್ಲಿ ಭೂಮಿ ಸೂರ್ಯನಿಂದ 117 ಮೀಟರ್ ದೂರ ಇರಬೇಕು, ಗುರು 610 ಮೀಟರ್, ನೆಪ್ಚೂನ್ ಮೂರೂವರೆ ಕಿ.ಮೀ.! ಅಷ್ಟು ಉದ್ದದ ಗಳ ಯಾವ ಮೆಳೆಯಲ್ಲೂ ಸಿಗುವುದಿಲ್ಲ. ಅದಕ್ಕೆ ಭಾನುವಾರ ಶಾಲೆಯ ಹೊರಗೋಡೆ ಮೇಲೆ ಅಷ್ಟೇ ದೊಡ್ಡ ಸುತ್ತು ಎಳೆದು, ಹತ್ತು ಮೀಟರ್ ಹಗ್ಗದಲ್ಲಿ ಅಳೆದುಕೊಂಡು ತಮ್ಮನನ್ನು ಕರೆದುಕೊಂಡು ಹೋದೆ. ಮೈದಾನ ಮುಗಿದು ಹುಣಸೆಮರವೂ ದಾಟಿತು. ಅಲ್ಲಿ ಅವನ ಅಂಗೈಯಲ್ಲಿ ಭೂಮಿ ಇಟ್ಟು ತಿರುಗಿ ನೋಡು ಅಂದೆ. ಆ ಸುತ್ತು ಆಕಾಶದ ಸೂರ್ಯ ಕಾಣುವಷ್ಟೇ ಕಾಣುತ್ತಿತ್ತು. (ನಿಜವಾದ ಸೂರ್ಯನನ್ನು ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು ಹೋಗುತ್ತದೆ.)

ತಮ್ಮ ಮಾತಾಡಲಿಲ್ಲ. ಮುಷ್ಟಿ ಬಿಗಿ ಹಿಡಿದು ಮನೆಗೆ ಓಡಿದ. ನಾನು ಹೋಗುವಷ್ಟರಲ್ಲಿ ಅಜ್ಜಿ ಹೇಳುತ್ತಿದ್ದರು, "ಮೊನ್ನೆ ನಿಂಬೆಹಣ್ಣು ಅಂದಿದ್ದೆ, ಇವತ್ತು ಬಟಾಣಿ ಅಂತೀಯ. ನಾಳೆ ಸಾಸಿವೆ ಅನ್ಬೇಡ ಮತ್ತೆ."